ಸಾಲದ ಪುಸ್ತಕದಲ್ಲಿ ಅಡಗಿದ ವರದಕ್ಷಿಣೆ



ವರದಕ್ಷಿಣೆಯ ವಿರುದ್ಧ ಘೋಷಣೆ ಕೂಗಿ ಮೆರವಣಿಗೆ ಹೋದವರು ನಾವು. ಈ ಸಲ ನಮ್ಮ ಸಂಘದ ಸಾಲದ ಪುಸ್ತಕವನ್ನೇ ನಿಮ್ಮ ಮುಂದೆ ತೆರೆದಿಡಬೇಕಾಗಿದೆ. ಅದರಲ್ಲಿ ‘ಮದುವೆ ಖರ್ಚು, 40,000 ರೂಪಾಯಿ’ ಎಂದು ಬರೆದವಳು ನಾನೇ. ಆ ಹಣ ಎಲ್ಲಿಗೆ ಹೋಗುತ್ತದೆಂದು ಸಭೆಯಲ್ಲಿ ಕೂತಿದ್ದ ಹದಿನಾರು ಜನಕ್ಕೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಎಂಟೇ ತಿಂಗಳು. ಆ ಹುಡುಗಿ ಪೆಟ್ಟು ತಿಂದು, ಉಟ್ಟ ಸೀರೆಯಲ್ಲಿ ತವರಿಗೆ ಬಂದಳು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಂತೆ ಸ್ತ್ರೀಧನವನ್ನು ವಾಪಸು ಕೊಡಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಆ ಧೈರ್ಯದಿಂದ ಸಂರಕ್ಷಣಾಧಿಕಾರಿಯ ಬಳಿ ಹೋದೆವು. “ಏನೇನು ಕೊಟ್ಟಿದ್ದಿರಮ್ಮಾ, ಪಟ್ಟಿ ಇದೆಯೇ?” ಎಂದರು. ತಾಯಿ ನನ್ನ ಮುಖ ನೋಡಿದಳು. ನನ್ನ ಬಳಿ ಇದ್ದದ್ದು ‘ಮದುವೆ ಖರ್ಚು’ ಎಂಬ ಎರಡು ಪದ. ಸಾಲದ ಕಂತನ್ನು ಮಾತ್ರ ಆಕೆ ಇಂದಿಗೂ ಕಟ್ಟುತ್ತಿದ್ದಾಳೆ.

ಪಟ್ಟಿಯ ನಿಯಮ ಹೊಸದಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲೇ ಬಂದಿದೆ. ಕೇಳದೆ ಕೊಟ್ಟ ಉಡುಗೊರೆಗಳನ್ನೂ ಬರೆದಿಡಬೇಕು: ವಸ್ತು ಯಾವುದು, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ಸಂಬಂಧ. ವಧೂವರರಿಬ್ಬರೂ ಸಹಿ ಹಾಕಬೇಕು. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಹತ್ತಿರವೇ ಇರಬೇಕು. ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಒಬ್ಬರನ್ನು ಕೂರಿಸುತ್ತೇವೆ, ಹತ್ತು ರೂಪಾಯಿಯೂ ತಪ್ಪುವುದಿಲ್ಲ. ಮಗಳ ಓಲೆ, ಸರ ಬರೆಯಲು ನಮಗೇಕೆ ನಾಚಿಕೆ?

ಈಗ ಸಂಘದಲ್ಲಿ ಠರಾವು ಮಾಡಿದ್ದೇವೆ. ಮದುವೆ ಸಾಲ ಕೇಳುವವರು ಊಟಕ್ಕೆಷ್ಟು, ಬಟ್ಟೆಗೆಷ್ಟು, ಒಡವೆಗೆಷ್ಟು ಎಂದು ಬಿಡಿಬಿಡಿಯಾಗಿ ಹೇಳಬೇಕು. ಗಂಡಿನ ಕಡೆಯವರು ಕೇಳಿದ ಹಣಕ್ಕೆ ಸಾಲವಿಲ್ಲ. ಉಡುಗೊರೆ ಪಟ್ಟಿಯ ಒಂದು ಪ್ರತಿ ಸಂಘದ ಪೆಟ್ಟಿಗೆಯಲ್ಲಿರಬೇಕು. ವರದಕ್ಷಿಣೆ ಕೊಡುವುದೂ ಅಪರಾಧವಲ್ಲವೇ, ನಾವೇ ಸಿಕ್ಕಿಬಿದ್ದರೆ ಎಂದು ಹಲವರು ಹೆದರಿದರು. ನೊಂದವರು ಕೊಟ್ಟೆವೆಂದು ಹೇಳಿದರೆ, ಆ ಹೇಳಿಕೆಯ ಮೇಲೆ ಅವರನ್ನೇ ಈ ಕಾಯ್ದೆಯಡಿ ಶಿಕ್ಷೆಗೆ ಗುರಿಮಾಡುವಂತಿಲ್ಲ ಎಂಬ ಮಾತೂ ಅದೇ ಕಾಯ್ದೆಯಲ್ಲಿದೆ.

“ಸಂಘವೇನು ಪೊಲೀಸ್ ಠಾಣೆಯೇ?” ಎಂದು ಒಬ್ಬ ಅಕ್ಕ ಎದ್ದು ಹೋದರು. ಹೊರಗೆ ಮೂರು ಪಟ್ಟು ಬಡ್ಡಿಗೆ ಕೈಸಾಲ ಮಾಡಿದರಂತೆ. ಅವರನ್ನು ಕಳೆದುಕೊಂಡದ್ದು ನನ್ನನ್ನು ಇನ್ನೂ ಕೊರೆಯುತ್ತಿದೆ. ಅವರ ಮನೆಗೆ ಎರಡು ಸಲ ಹೋಗಿ ಬಂದೆ, ಮತ್ತೆ ಹೋಗುತ್ತೇನೆ. ಹಳೆಯ ಪದ್ಧತಿಗೆ ಮಾತ್ರ ನಾನು ಒಪ್ಪಲಾರೆ.

ಮುಂದಿನ ತಿಂಗಳ ಸಭೆಗೆ ಮದುವೆ ಸಾಲದ ಎರಡು ಅರ್ಜಿಗಳು ಬಂದಿವೆ. ಒಂದು ನನ್ನ ಸ್ವಂತ ತಂಗಿಯದು. ಅವಳೂ ಬಿಡಿಬಿಡಿಯಾಗಿ ಹೇಳಬೇಕು. ಕೇಳಿ ಬರೆದುಕೊಳ್ಳಬೇಕಾದವಳು ನಾನು.