ಚೀಟಿ ಕೇಳದೆ ಆ ಮಾತ್ರೆ ಕೊಡಬೇಡಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಔಷಧಿ ಅಂಗಡಿಯವರೇ, ಆ ಅಂಗಡಿಗಳ ಮುಂದೆ ದನಿ ತಗ್ಗಿಸಿ ನಿಲ್ಲುವ ಗಂಡಂದಿರೇ, ಅವರನ್ನು ಕಳಿಸುವ ಅತ್ತೆಯರೇ, ನಿಮಗೆ ತಿಳಿಯದ ಸುದ್ದಿಯನ್ನೇನೂ ನಾನು ತಂದಿಲ್ಲ. ಯಾವ ಮಾತ್ರೆ, ಯಾರಿಗೆ, ಯಾಕೆ ಎಂಬುದು ಊರಿಗೆಲ್ಲ ಗೊತ್ತು. ಬಾಯಿ ಬಿಡುವವರಿಲ್ಲ, ಅಷ್ಟೆ.

ಮಿಸೊಪ್ರೊಸ್ಟಾಲ್ ಹೊಟ್ಟೆಹುಣ್ಣಿಗೆಂದು ಬಂದ ಔಷಧ. ಮಂಡಿನೋವಿಗೆ ದಿನವೂ ನೋವಿನ ಮಾತ್ರೆ ನುಂಗುವವರ ಜಠರದಲ್ಲಿ ಹುಣ್ಣಾಗದಂತೆ ಅದು ಕಾಯುತ್ತದೆ. 1988ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದೂ ಇದಕ್ಕಾಗಿಯೇ. ಅದೇ ಮಾತ್ರೆ ಗರ್ಭಕೋಶವನ್ನು ಹಿಂಡುತ್ತದೆ, ಗರ್ಭ ಬೀಳುವುದು ಅದರಿಂದಲೇ. ಹೆರಿಗೆಯಾದ ಮೇಲೆ ನಿಲ್ಲದ ರಕ್ತವನ್ನು ನಿಲ್ಲಿಸಿ ಬಾಣಂತಿಯನ್ನು ಉಳಿಸುವುದೂ ಆ ಗುಣವೇ. ಮಾತ್ರೆಯದು ತಪ್ಪಲ್ಲ. ವೈದ್ಯರ ಬಳಿ ಹೋಗಿ ಕಾನೂನಿನಂತೆ ಗರ್ಭ ತೆಗೆಸಿಕೊಳ್ಳುವ ಹೆಣ್ಣಿನದೂ ತಪ್ಪಲ್ಲ, 1971ರಿಂದ ಆ ಕಾನೂನಿದೆ. ವೈದ್ಯರ ಚೀಟಿ ಕೇಳದೆ, ಬಸುರಿ ಎಲ್ಲಿ, ಎಷ್ಟು ತಿಂಗಳು ಎಂದೂ ವಿಚಾರಿಸದೆ, ದುಡ್ಡು ಎಣಿಸಿಕೊಂಡು ಪೊಟ್ಟಣ ಕಟ್ಟಿಕೊಡುವುದನ್ನು ಮಾತ್ರ ನಾನು ಕ್ಷಮಿಸಲಾರೆ.

ಹೊಟ್ಟೆಯಲ್ಲಿರುವ ಹೆಣ್ಣುಮಗು ಬೇಡವೆಂದು ಈ ಮಾತ್ರೆ ಒಯ್ಯುವವರೇ, ಲೆಕ್ಕ ಹಾಕಿ ನೋಡಿ. ಗರ್ಭಪಾತದ ಮಾತ್ರೆಗೆ ನಮ್ಮ ದೇಶದಲ್ಲಿ ಅನುಮತಿ ಇರುವುದು 9 ವಾರದೊಳಗೆ. ಕದ್ದು ಮಾಡುವ ಸ್ಕ್ಯಾನಿನಲ್ಲಿ ಹೆಣ್ಣೆಂದು ತಿಳಿಯುವುದು ಸಾಮಾನ್ಯವಾಗಿ 12 ವಾರ ದಾಟಿದ ಮೇಲೆ. ಅಂದರೆ ಹೆಣ್ಣೆಂದು ತಿಳಿದ ಮೇಲೆ ಮನೆಯಲ್ಲಿ ಮಾತ್ರೆ ನುಂಗಿಸುವ ಹೊತ್ತಿಗೆ ಆ 9 ವಾರ ಮೀರಿಯೇ ಇರುತ್ತದೆ. ಗರ್ಭ ಅರ್ಧ ಒಳಗೇ ಉಳಿದರೆ ನಂಜಾಗುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದರೆ ಗರ್ಭಕೋಶವೇ ಹರಿಯಬಹುದು. ಮೊದಲೆರಡು ಹೆಣ್ಣುಮಕ್ಕಳನ್ನು ಸಿಸೇರಿಯನ್‌ನಲ್ಲಿ ಹೆತ್ತವಳಿಗೇ ತಾನೇ ಮೂರನೆಯ ಸಲ ಈ ಮಾತ್ರೆ ತರುವುದು? ತಂದವನಿಗೆ ಅದು ಹೊಳೆಯಲಿಲ್ಲ. ಕೊಟ್ಟವನು ಕೇಳಲಿಲ್ಲ.

ಅಂಥ ಒಬ್ಬಳನ್ನು ಆಸ್ಪತ್ರೆಗೆ ತಂದದ್ದನ್ನು ನಾನು ಕಂಡಿದ್ದೇನೆ. ಸೀರೆ ನೆನೆದು ಹೋಗಿತ್ತು. ಏನು ಕೊಟ್ಟಿರಿ ಎಂದು ವೈದ್ಯರು ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಆ ಹೊತ್ತಿನಲ್ಲೂ ಸುಳ್ಳು! ಅವಳ ಜೀವಕ್ಕಿಂತ ನಿಮ್ಮ ಮಾನ ದೊಡ್ಡದಾಯಿತೇ?

2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಹಿಡಿದರು. ಮೂರು ವರ್ಷದಲ್ಲಿ ಸುಮಾರು 900 ಗರ್ಭಪಾತ ಎಂದರು. ಮರುವರ್ಷವೇ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅದೇ ಕೆಲಸ ಸಿಕ್ಕಿಬಿತ್ತು. ನಾವು ನಾಲ್ಕು ದಿನ ಕೂಗಾಡಿ ಸುಮ್ಮನಾದೆವು. ಸ್ಕ್ಯಾನ್ ಯಂತ್ರವನ್ನು ಜಪ್ತಿ ಮಾಡಬಹುದು. ಒಂದು ಪಟ್ಟಿ ಮಾತ್ರೆ ಅಂಗಿಯ ಜೇಬಿನಲ್ಲಿ ಮನೆ ಸೇರಿದರೆ ಯಾರು ಹಿಡಿಯಬೇಕು?

ಹಿಡಿಯಬೇಕಾದವರು ಅಂಗಡಿಯವರು. ಮಾರಿದ್ದಕ್ಕೆ ಬಿಲ್ಲು, ಚೀಟಿಯ ಪ್ರತಿ ಇರಲಿ. ಔಷಧ ನಿಯಂತ್ರಣ ಇಲಾಖೆಯವರು ಬಂದು ದಾಸ್ತಾನಿನ ಲೆಕ್ಕ ಕೇಳಲಿ. ಮಾತ್ರೆ ನುಂಗಿ ರಕ್ತ ನಿಲ್ಲದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ, ನುಂಗಿದ್ದೇನೆಂದು ವೈದ್ಯರಿಗೆ ನಿಜ ಹೇಳಿ. ಇದಕ್ಕಿಂತ ದೊಡ್ಡ ಉಪಾಯ ನನ್ನಲ್ಲಿಲ್ಲ.

ಮೆಡಿಕಲ್ಸ್ ನಡೆಸುವ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ. ಇವತ್ತು ಸಂಜೆ ಯಾರಾದರೂ ಬಂದು ಆ ಮಾತ್ರೆ ಕೇಳಿದರೆ, ಗುರುತಿನವರಾದರೂ ಸರಿ, ನೆಂಟರಾದರೂ ಸರಿ, ಚೀಟಿ ಎಲ್ಲಿ ಎಂದು ಕೇಳಿ. ಇಲ್ಲವೆಂದರೆ ಬರಿಗೈಯಲ್ಲಿ ಕಳಿಸಿ.