ಕೆಟ್ಟಿದ್ದು ಸ್ಟೀರಿಯೋ ಅಲ್ಲ ಮಾರಾಯ್ರೇ...

ತುಂಬಾ ದಿನ ಆಯ್ತು ಏನಾದರೂ ಬರೆದು. ಮೊನ್ನೆ ಊರಿಗೆ ಹೋದಾಗ ಒಂದು ಅವಮಾನ ಆಯ್ತು, ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ ಕೂತಿದ್ದೇನೆ. ಅವಮಾನ ಮಾಡಿದ್ದು ಯಾರೋ ಮನುಷ್ಯರಲ್ಲ. ಮುನ್ನೂರು ರೂಪಾಯಿಯ ಒಂದು ಮಲ್ಟಿಮೀಟರ್ :)

ನಮ್ಮದು ಅಂಕೋಲಾ. ಆಯಿಯನ್ನು ಚೆಕಪ್ಪಿಗೆ ಅಂತ ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆವು. ವಾಪಸ್ ಬರುವಾಗ ಅಪ್ಪ ಪೆನ್‌ಡ್ರೈವ್ ಚುಚ್ಚಿ ಯಕ್ಷಗಾನ ಹಚ್ಚಿದರು. ಬಿಣಗಾ ದಾಟುವಷ್ಟರಲ್ಲಿ ಭಾಗವತರ ಹಿಂದೆ ಇನ್ನೊಂದು ದನಿ ಕೇಳತೊಡಗಿತು. ಕುಂಯ್ ಅಂತ ಸಣ್ಣ ಕೂಗು. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಚೆಂಡಿಯಾ, ಅಮದಳ್ಳಿ, ಅವರ್ಸಾ... ಉದ್ದಕ್ಕೂ ನಮ್ಮ ಜೊತೆಗೇ ಬಂತು.

"ಏನಪ್ಪಾ ಇದು?" ಅಂದೆ. "ಅದು ಹಾಗೇ ತಮಾ, ಆರು ತಿಂಗಳಾಯ್ತು. ಅಂಗಡಿಯವ ಸೆಟ್ಟು ಹೋಗಿದೆ, ಹೊಸದು ಹಾಕಿಸಿ ಅಂದ" ಅಂದರು. ಆ ಸೆಟ್ಟು, ಹಿಂದಿನ ಸೀಟಿನ ಕೆಳಗಿರುವ ಆಂಪ್ಲಿಫೈಯರ್, ಎರಡೂ ನಾನೇ ಎರಡು ವರ್ಷದ ಹಿಂದೆ ದೀಪಾವಳಿಗೆ ತಂದುಕೊಟ್ಟಿದ್ದು. ಕೂರಿಸಿದ್ದೂ ನಾನೇ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮಾಡಿದವನು, ಬೇರೆಯವರಿಗೆ ಯಾಕೆ ದುಡ್ಡು ಕೊಡಬೇಕು ಅಂತ!

ಮನೆ ಮುಟ್ಟಿ ಕಾರು ನಿಲ್ಲಿಸಿದ ಮೇಲೆ ಇನ್ನೊಂದು ಆಶ್ಚರ್ಯ ಕಾದಿತ್ತು. ಅಪ್ಪ ಡ್ಯಾಶ್‌ಬೋರ್ಡಿನಿಂದ ಬಟ್ಟೆಯಲ್ಲಿ ಸುತ್ತಿಟ್ಟ 10 ನಂಬರಿನ ಪಾನಾ ತೆಗೆದು, ಬಾನೆಟ್ ಎತ್ತಿ, ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚಿಟ್ಟರು. ದೇವರ ಮುಂದೆ ದೀಪ ಹಚ್ಚಿದಷ್ಟೇ ಸಲೀಸಾಗಿ. ಕೇಳಿದರೆ, "ಬಿಚ್ಚದಿದ್ದರೆ ಬೆಳಿಗ್ಗೆ ಸ್ಟಾರ್ಟ್ ಆಗೂದಿಲ್ಲ. ಬ್ಯಾಟರಿ ಹೊಸದು ಹಾಕಿಸಿದೆ, ಆದರೂ ಅದೇ ಕಥೆ." ಸೆಟ್ಟಿನ ಗಡಿಯಾರ ಯಾವಾಗ ನೋಡಿದರೂ ತಪ್ಪು ಟೈಮ್ ಯಾಕೆ ತೋರಿಸುತ್ತಿತ್ತು ಅಂತ ಆಗ ಹೊಳೆಯಿತು. ದಿನಾ ರಾತ್ರಿ ಕರೆಂಟ್ ಕಳೆದುಕೊಂಡರೆ ಅದಕ್ಕೆ ನೆನಪು ಎಲ್ಲಿಂದ ಬರಬೇಕು?

ಆಯಿ ಒಳಗಿನಿಂದಲೇ ಸೇರಿಸಿದರು: "ಮಳೆಗಾಲದಲ್ಲಿ ನನಗೆ ರಾತ್ರಿ ಉಸಿರು ಹಿಡಿದಾಗ ಅಪ್ಪ ಟರ್ಮಿನಲ್ ಬಿಚ್ಚೂಕೆ ಮರೆತಿದ್ರು. ಗಾಡಿ ಏಳಲೇ ಇಲ್ಲ. ರಿಕ್ಷಾದಲ್ಲಿ ಹೋದ್ವು." ನನಗೆ ಆ ಸುದ್ದಿಯನ್ನೇ ಯಾರೂ ಹೇಳಿರಲಿಲ್ಲ.

ಮಾರನೇ ದಿನ ಮಲ್ಟಿಮೀಟರ್ ತಂದೆ. ಕೀಲಿ ತೆಗೆದು, ಬಾಗಿಲು ಹಾಕಿ, ಬ್ಯಾಟರಿಯ ನೆಗೆಟಿವ್‌ಗೂ ಅದರ ಕೇಬಲ್ಲಿಗೂ ನಡುವೆ 10 ಆಂಪಿಯರ್ ರೇಂಜಿನಲ್ಲಿ ಮೀಟರ್ ಜೋಡಿಸಿದೆ. (ಹೀಗೆ ಜೋಡಿಸಿದಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ, ಮೀಟರ್ ಸುಟ್ಟು ಹೋಗುತ್ತದೆ.) ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 0.85 ಆಂಪಿಯರ್. ಸುಮ್ಮನೆ ನಿಂತ ಕಾರು 0.05ಕ್ಕಿಂತ ಹೆಚ್ಚು ಎಳೆಯಬಾರದು. ಒಂದೊಂದೇ ಫ್ಯೂಸ್ ಕೀಳುತ್ತಾ ಬಂದೆ. ಆಂಪ್ಲಿಫೈಯರಿನ ಫ್ಯೂಸ್ ಕಿತ್ತ ಕೂಡಲೇ 0.03! ಲೆಕ್ಕ ಸುಲಭ: ಗಂಟೆಗೆ 0.85 ಅಂದರೆ ಒಂದು ದಿನಕ್ಕೆ 20 ಆಂಪಿಯರ್-ಅವರ್. ಬ್ಯಾಟರಿಯೇ 35ರದ್ದು.

ಸೀಟು ಎತ್ತಿದಾಗ ಕಳ್ಳ ಸಿಕ್ಕಿದ. ಸೆಟ್ಟಿನ ಹಿಂದೆ ನೀಲಿ-ಬಿಳಿ ಪಟ್ಟೆಯ ಒಂದು ತಂತಿ ಇರುತ್ತದೆ. ಸೆಟ್ಟು ಆನ್ ಆದಾಗ ಮಾತ್ರ ಅದರಲ್ಲಿ 12 ವೋಲ್ಟ್ ಬಂದು ಆಂಪ್ಲಿಫೈಯರನ್ನು ಎಬ್ಬಿಸುತ್ತದೆ. ಆ ತಂತಿಯನ್ನು ಕಾರ್ಪೆಟ್ ಕೆಳಗೆ ಹಿಂದಿನವರೆಗೆ ಎಳೆಯಲು ಆ ದೀಪಾವಳಿಯ ಸಂಜೆ ನನಗೆ ಬೇಜಾರಾಗಿತ್ತು. ಆಂಪ್ಲಿಫೈಯರಿನಲ್ಲಿ ಪಕ್ಕದಲ್ಲೇ ಇದ್ದ ಬ್ಯಾಟರಿ ಲೈನಿನಿಂದ ಒಂದು ಗೇಣು ತಂತಿ ಹಾಕಿ ರಿಮೋಟ್ ಟರ್ಮಿನಲ್ಲಿಗೆ ಕೊಟ್ಟುಬಿಟ್ಟಿದ್ದೆ. ಹಾಡು ಬಂತು, ಊಟಕ್ಕೆ ಕೂತೆ, ಮರೆತೆ. ಅಂದಿನಿಂದ ಅದು ನಿದ್ದೆಯನ್ನೇ ಮಾಡಿಲ್ಲ.

ಕುಂಯ್ ಅನ್ನುವ ಕೂಗಿಗೆ ಕಾರಣವೂ ಅಲ್ಲೇ ಇತ್ತು. ಅರ್ತ್ ತಂತಿಯನ್ನು ಪೇಂಟ್ ಕೆರೆಯದೆ ಸೀಟಿನ ಬೋಲ್ಟಿಗೆ ಸಿಕ್ಕಿಸಿದ್ದೆ. ನಮ್ಮ ಊರಿನ ಗಾಳಿ ಗೊತ್ತಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಅಂಕೋಲಾದಲ್ಲಿ ಉಪ್ಪು ಗಾಳಿಯಲ್ಲೇ ಪುಕ್ಕಟೆ ಸಿಗುತ್ತದೆ :) ಉಪ್ಪು ತೇವ ಎಳೆಯುತ್ತದೆ, ತಾಮ್ರಕ್ಕೆ ಹಸಿರು ಕಿಲುಬು, ಬೋಲ್ಟಿಗೆ ತುಕ್ಕು. ಎಂಜಿನ್ ಚಾಲೂ ಮಾಡಿ, ಹಾಡು ಜೋರಾಗಿ ಹಚ್ಚಿ, ಆಂಪ್ಲಿಫೈಯರಿನ ಅರ್ತ್‌ಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ವೋಲ್ಟೇಜ್ ಅಳೆದೆ. 0.1 ವೋಲ್ಟಿನ ಒಳಗಿರಬೇಕಾದ್ದು 0.7 ಇತ್ತು. ಆಂಪ್ಲಿಫೈಯರಿನ ಅರ್ತ್ ಒಂದು ಮಟ್ಟದಲ್ಲಿ, ಸೆಟ್ಟಿನ ಅರ್ತ್ ಇನ್ನೊಂದು ಮಟ್ಟದಲ್ಲಿ ಇದ್ದರೆ ಆಲ್ಟರ್ನೇಟರಿನ ಗದ್ದಲ ಹಾಡಿನ ಕೇಬಲ್ಲಿನ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಎಂಜಿನ್ ವೇಗದ ಜೊತೆ ಕೂಗು ಏರಿಳಿಯುವುದು ಇದಕ್ಕೇ. ಪೇಂಟ್ ಕೆರೆದು, ಉಪ್ಪುಕಾಗದ ತಿಕ್ಕಿ, ತಂತಿಗೆ ಹೊಸ ಲಗ್ ಹಾಕಿ ಬಿಗಿ ಮಾಡಿ ಮೇಲೆ ಗ್ರೀಸ್ ಬಳಿದೆ. ನೀಲಿ-ಬಿಳಿ ತಂತಿಯನ್ನು ಸರಿಯಾಗಿ ಎಳೆದೆ. ಒಟ್ಟು ಖರ್ಚು, ಮೀಟರ್ ಸೇರಿ, ನಾನೂರು ರೂಪಾಯಿಯೊಳಗೆ.

ಹೊಸ ಸೆಟ್ಟು ಹಾಕಿಸಿದ್ದರೆ? ಅದೇ ಕೂಗು, ಅದೇ ಖಾಲಿ ಬ್ಯಾಟರಿ. ಅಂಗಡಿಯವನನ್ನು ಮಾತ್ರ ಬೈಯ್ಯಲು ನನಗೆ ಮನಸ್ಸಿಲ್ಲ. ನಾವು ಅವನಿಗೆ ದುಡ್ಡು ಕೊಡುವುದು ಡಬ್ಬಿಗೆ, ಹುಡುಕಿದ್ದಕ್ಕಲ್ಲ. ಎರಡು ಗಂಟೆ ಮೀಟರ್ ಹಿಡಿದು ಕೂತು "ಒಂದು ಬೋಲ್ಟ್ ಬಿಗಿ ಮಾಡಿದೆ, ಐನೂರು ಕೊಡಿ" ಅಂದರೆ ಯಾರು ಕೊಡುತ್ತಾರೆ? ಆಫೀಸಿನಲ್ಲಿ ನಾನು ಮೂರು ದಿನ ಹುಡುಕಿ ಒಂದು ಸಾಲು ಕೋಡ್ ಬದಲಿಸಿದರೆ ಮೂರು ದಿನದ ಸಂಬಳ ಬರುತ್ತದೆ. ಮೆಕ್ಯಾನಿಕ್‌ಗೆ ಯಾಕೆ ಬೇಡ? ಹುಡುಕುವ ಕೆಲಸಕ್ಕೆ ಬೆಲೆ ಕೊಡದಿದ್ದರೆ ಬಿಡಿಭಾಗ ಬದಲಿಸುವ ಕೆಲಸವೇ ಉಳಿಯುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ 15ರ ಜಾಗಕ್ಕೆ 30 ಹಾಕುವುದೂ ಇದೇ ಅವಸರದ ಚಾಳಿ. ಫ್ಯೂಸ್ ಇರುವುದು ತಂತಿ ಕಾಯಲು. 30 ಹಾಕಿದರೆ ಫ್ಯೂಸಿಗಿಂತ ಮೊದಲು ಸೀಟಿನ ಕೆಳಗಿನ ತಂತಿ ಸುಡುತ್ತದೆ, ಆಮೇಲೆ ಸೀಟು.

ನನ್ನ ಅಭಿಪ್ರಾಯ ಇಷ್ಟೇ. ಕಾರಿನಲ್ಲಿ ಹಾಡು ಕೆಟ್ಟರೆ ಸೆಟ್ಟಿನ ಮೇಲೆ ಅನುಮಾನ ಪಡುವುದು ಕೊನೆಗೆ. ಮೊದಲು ಅರ್ತ್, ಆಮೇಲೆ ಜೋಡಣೆಗಳು, ಆಮೇಲೆ ಕೊನೆಯ ಸಲ ತಂತಿ ಮುಟ್ಟಿದವನು ಯಾರು ಅಂತ ನೋಡಿ. ಅಳೆಯದೆ ಏನನ್ನೂ ಕೊಳ್ಳಬೇಡಿ. ಅದರಲ್ಲೂ ಕರಾವಳಿಯವರಾದರೆ ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಅರ್ತ್ ಬೋಲ್ಟ್ ಬಿಚ್ಚಿ ಒರೆಸಿ.

ಇನ್ನೊಂದು ಮಾತು, ನನ್ನ ಹಾಗೆ ಬೆಂಗಳೂರಿನಿಂದ ಹಬ್ಬಕ್ಕೆ ಹೋಗಿ ಮನೆಗೆ ಏನಾದರೂ ಜೋಡಿಸಿಕೊಟ್ಟು ಬರುವವರಿಗೆ. ನಾವು ಬಸ್ಸು ಹತ್ತಿದ ಮೇಲೆ ಅದರ ಜೊತೆ ಬದುಕುವವರು ಅವರು. "ನನಗೆ ಯಾಕೆ ಹೇಳಲಿಲ್ಲ?" ಅಂತ ಅಪ್ಪನನ್ನು ಕೇಳಿದೆ. "ನೀ ಅಷ್ಟು ಆಸೆಯಿಂದ ಹಾಕಿಕೊಟ್ಟಿದ್ದು ತಮಾ, ಕೆಟ್ಟಿದೆ ಅಂತ ಹೆಂಗೆ ಹೇಳೂದು?" ಅಂದರು.

ಎರಡು ವರ್ಷ ದಿನಾ ರಾತ್ರಿ ಪಾನಾ ಹಿಡಿದರು, ನನ್ನ ಒಂದು ಗೇಣು ತಂತಿಗಾಗಿ.

ಹೊರಡುವ ದಿನ ಬೆಳಿಗ್ಗೆ ಗಡಿಯಾರ ಸರಿಯಾದ ಟೈಮ್ ತೋರಿಸುತ್ತಿತ್ತು. ಪಾನಾ ಮಾತ್ರ ಇನ್ನೂ ಡ್ಯಾಶ್‌ಬೋರ್ಡಿನಲ್ಲೇ ಇದೆ. "ಇರಲಿ ಬಿಡು" ಅಂದರು ಅಪ್ಪ. ನನ್ನ ಕೆಲಸದ ಮೇಲೆ ಅವರಿಗೆ ಈಗ ಎಷ್ಟು ನಂಬಿಕೆ ಅಂತ ನೀವೇ ಅಂದಾಜು ಮಾಡಿ :)

ನಿಮ್ಮ ಮನೆಯಲ್ಲೂ ಇಂಥ ಪಾನಾ ಎಲ್ಲಾದರೂ ಇದೆಯಾ? ಒಮ್ಮೆ ಕೇಳಿ ನೋಡಿ.