ಹುಡುಕುವುದಕ್ಕೂ ಕೂಲಿ ಕೊಡಬೇಕು

ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಹಳೆಯ ಕಾರುಗಳಲ್ಲಿ ಹಲವಕ್ಕೆ ಡಿಕ್ಕಿಯಲ್ಲಿ ಒಂದು ನೀರಿನ ಕ್ಯಾನು ಖಾಯಂ. ಊರಿಗೆ ಹೊರಟರೆ ಕಾತ್ರಜ್ ದಾಟಿ, ಶಿರವಳ ದಾಟಿ, ಖಂಬಾಟ್ಕಿ ಘಾಟ್ ಏರುವ ಮುನ್ನ ಬಾನೆಟ್ ಎತ್ತಿ ಒಂದಿಷ್ಟು ಸುರಿದರಾಯಿತು. ಸಾತಾರ, ಕೊಲ್ಹಾಪುರ, ನಿಪ್ಪಾಣಿ ಕಳೆದು ಬೆಳಗಾವಿ ಮುಟ್ಟಿದರೆ ಗಾಡಿ ಗಟ್ಟಿಯಾಗಿದೆ ಎಂದೇ ಲೆಕ್ಕ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದರೆ, ಕೂಲಂಟ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುವ ದ್ರವ ಅದು. ಪದೇ ಪದೇ ಕಡಿಮೆಯಾಗುತ್ತಿದ್ದರೆ ಎಲ್ಲೋ ಹೊರಗೆ ಸೋರುತ್ತಿದೆ, ಇಲ್ಲವೇ ಎಂಜಿನ್ನಿನ ಒಳಕ್ಕೇ ಇಳಿದು ಹೊಗೆಯ ಜೊತೆ ಆವಿಯಾಗಿ ಹೋಗುತ್ತಿದೆ. ಸೋರುವ ವ್ಯವಸ್ಥೆಯಲ್ಲಿ ಒತ್ತಡವೂ ನಿಲ್ಲುವುದಿಲ್ಲ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಸುಮಾರು ಒಂದು ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು 118–120 ಡಿಗ್ರಿಯವರೆಗೂ ಕುದಿಯದೆ ತಡೆಯುತ್ತದೆ. ಘಾಟಿನಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಏರುವಾಗ ಎಂಜಿನ್ನಿಗೆ ಬೇಕಾದದ್ದು ಆ 20 ಡಿಗ್ರಿಯ ಆಸರೆಯೇ. ಅದು ತಪ್ಪಿದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನೂ ನಂಬುವಂತಿಲ್ಲ. ಸೆನ್ಸರ್ ಮುಳುಗುವಷ್ಟು ನೀರಿಲ್ಲದಿದ್ದಾಗ ಅದು ತಣ್ಣಗೆ ಕೂತಿರಬಹುದು.

ಇಷ್ಟೆಲ್ಲ ಗೊತ್ತಿರುವ ಮಾಲೀಕರೂ ಗ್ಯಾರೇಜಿಗೆ ಹೋದ ಮೇಲೆ ಸೋಲುತ್ತಾರೆ. ಮೆಕ್ಯಾನಿಕ್ ಬಗ್ಗಿ ನೋಡಿ ರೇಡಿಯೇಟರ್ ಹೋಗಿದೆ ಎನ್ನುತ್ತಾನೆ. ಹೊಸದು ಬರುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಆಮೇಲೆ ಹೋಸ್ ಪೈಪು, ಆಮೇಲೆ ವಾಟರ್ ಪಂಪು. ಕೊನೆಗೆ ನೋಡಿದರೆ ತುಕ್ಕು ಹಿಡಿದು ಸಡಿಲಾದ ಒಂದು ಕ್ಲಿಪ್ಪು. ಇದನ್ನು ಮೋಸ ಎಂದು ಬೈಯುವುದು ಸುಲಭ, ಆದರೆ ಬಹಳ ಸಲ ಅದು ಮೋಸವಲ್ಲ. ಒಂದು ಗಂಟೆ ಕೂತು ಸೋರುವ ಜಾಗ ಹುಡುಕಿದ್ದಕ್ಕೆ ಯಾವ ಮಾಲೀಕನೂ ದುಡ್ಡು ಕೊಡುವುದಿಲ್ಲ. ಭಾಗ ಬದಲಿಸಿದರೆ ಮಾತ್ರ ಕೊಡುತ್ತಾನೆ. ಎಕ್ಸ್‌ರೇಗೆ ಚೌಕಾಸಿ ಮಾಡದವನು ಇಲ್ಲಿ ಮಾತ್ರ 'ನೋಡಿದ್ದಕ್ಕೂ ದುಡ್ಡೇ?' ಎಂದು ಹುಬ್ಬೇರಿಸುತ್ತಾನೆ. ಹೀಗಿದ್ದಾಗ ಹುಡುಕುವ ಕೆಲಸವನ್ನು ಯಾರು ಯಾಕೆ ಮಾಡಿಯಾರು?

ಹುಡುಕಾಟವೇನೂ ದೊಡ್ಡ ವಿದ್ಯೆಯಲ್ಲ. ಎಂಜಿನ್ ಪೂರ್ತಿ ಆರಿದ ಮೇಲೆ ಮುಚ್ಚಳ ತೆಗೆದು, ಆ ಬಾಯಿಗೆ ಒಂದು ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಮುಳ್ಳನ್ನು ನೋಡುವುದು. ಮುಳ್ಳು ಇಳಿದರೆ ಟಾರ್ಚ್ ಹಿಡಿದು ಒದ್ದೆ ಎಲ್ಲಿದೆ ಎಂದು ಹುಡುಕುವುದು: ಹೋಸಿನ ತುದಿ, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಂ ಜಾಲರಿಗೆ ಸೇರುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು. ಹೊರಗೆ ಹನಿಯೂ ಇಲ್ಲದೆ ಮುಳ್ಳು ಇಳಿದರೆ ಕಾರಿನೊಳಗಿನ ಕಾರ್ಪೆಟ್ ಮುಟ್ಟಿ ನೋಡಬೇಕು. ಹೀಟರ್ ಸೋರುತ್ತಿದ್ದರೆ ಅಲ್ಲಿ ಅಂಟು ಒದ್ದೆ, ಸಿಹಿ ವಾಸನೆ. ಅದೂ ಇಲ್ಲವಾದರೆ ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ಮುಚ್ಚಳವನ್ನೂ ಬೇರೆಯಾಗಿ ಪರೀಕ್ಷಿಸಬೇಕು, ಎಷ್ಟೋ ಸಲ ಕಳ್ಳ ಅದೇ. ಕೆಲವು ಸೋರಿಕೆಗಳು ತಣ್ಣಗಿದ್ದಾಗ ಮಾತ್ರ ಕಾಣುತ್ತವೆ. ಬಿಸಿಯಲ್ಲಿ ಹಿಗ್ಗಿದ ಜೋಡಣೆ ಬಿಗಿಯಾಗಿರುತ್ತದೆ, ರಾತ್ರಿ ಕುಗ್ಗಿದಾಗ ಬಿಟ್ಟುಕೊಳ್ಳುತ್ತದೆ. ಇದಕ್ಕೆ ಹಳೆಯ 'ಸಕಾಳ್' ಪತ್ರಿಕೆಯನ್ನು ರಾತ್ರಿ ಎಂಜಿನ್ ಕೆಳಗೆ ಹಾಸಿದರೆ ಸಾಕು, ಬೆಳಿಗ್ಗೆ ಹಸಿರೋ ಗುಲಾಬಿಯೋ ಕಲೆ ಜಾಗ ತೋರಿಸುತ್ತದೆ. ಬಣ್ಣವಿಲ್ಲದ, ಜಿಡ್ಡಿಲ್ಲದ ನೀರಾದರೆ ಅದು ಎಸಿಯದು.

ರೇಡಿಯೇಟರಿಗೆ ಅರಿಶಿನ ಹಾಕುವ ಹಳೆಯ ಉಪಾಯವೊಂದಿದೆ. ನಡುದಾರಿಯಲ್ಲಿ ಕೆಟ್ಟು ನಿಂತವರನ್ನು ಅದು ಊರು ಮುಟ್ಟಿಸಿದ್ದಿದೆ. ಆದರೆ ತೂತು ಮುಚ್ಚುವ ಪುಡಿಗೆ ತೂತು ಯಾವುದು, ಸಣ್ಣ ಕೊಳವೆ ಯಾವುದು ಎಂಬ ಭೇದವಿಲ್ಲ. ಬಾಟಲಿಯಲ್ಲಿ ಬರುವ ದುಬಾರಿ ದ್ರವಗಳಿಗೂ ಇದೇ ಮಾತು. 'ನಮ್ಮದು ಬಿಸಿ ದೇಶ' ಎಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಪದ್ಧತಿಯಂತೂ ಶುದ್ಧ ಅವಿವೇಕ. ಎಂಜಿನ್ ಸರಿಯಾದ ಬಿಸಿಗೆ ಬಾರದೆ ಇಂಧನ ಕುಡಿಯುತ್ತದೆ, ಸೋರಿಕೆ ಇದ್ದಲ್ಲೇ ಇರುತ್ತದೆ. ಬೋರ್‌ವೆಲ್ ನೀರು ಸುರಿಯುವುದೂ ಬೇಡ. ಅದರ ಸುಣ್ಣ ಒಳಗೇ ಕಟ್ಟಿಕೊಳ್ಳುತ್ತದೆ.

ಇಷ್ಟು ತಾಪತ್ರಯ ಏಕೆ, ಮಾರಿಬಿಡಬಾರದೇ ಎನ್ನುವವರಿದ್ದಾರೆ. 1998ರ ಡಿಸೆಂಬರಿನಲ್ಲಿ ಬಂದ, ಪಿಂಪ್ರಿಯಲ್ಲಿ ತಯಾರಾಗುತ್ತಿದ್ದ ಇಂಡಿಕಾ 2018ರಲ್ಲಿ ನಿಂತುಹೋಯಿತು. ಅಂಥ ಕಾರಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ, ನಿಜ. ಆದರೆ ಅದಕ್ಕೇ ಪತ್ತೆಗೆ ಕೊಡುವ ಕೂಲಿ ಮುಖ್ಯವಾಗುವುದು. ಒಮ್ಮೆ ಹೆಡ್ ಬಿಚ್ಚಿಸಿದರೆ ಕಾರಿನ ಬೆಲೆಯ ದೊಡ್ಡ ಪಾಲೇ ಕೈಬಿಡುತ್ತದೆ. ಒಂದು ಕ್ಲಿಪ್ಪಿಗೆ ಏನೂ ಹೋಗುವುದಿಲ್ಲ. ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳ ಮುಂದೆ ನಿಲ್ಲುವಾಗ ಯಾವ ಭಾಗ ಬೇಕೆಂದು ಖಚಿತವಾಗಿ ಗೊತ್ತಿರುವವನಿಗೂ ಗೊತ್ತಿಲ್ಲದವನಿಗೂ ಬಿಲ್ಲಿನಲ್ಲಿ ಬಹಳ ಅಂತರ.

ಇನ್ನೊಂದು ವಿಷಯವನ್ನು ಯಾರೂ ಗಮನಿಸುವುದಿಲ್ಲ. ಹೆಚ್ಚಿನ ಕೂಲಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಸಿಹಿ. ಗಲ್ಲಿಯಲ್ಲಿ ನಿಂತ ಆ ಹಸಿರು ನೀರನ್ನು ನಾಯಿಗಳು ನೆಕ್ಕುತ್ತವೆ. ಬಿಚ್ಚುವಾಗ ಕೆಳಗೆ ಬಾಣಲೆ ಇಡಿ ಎಂದು ಮಾಲೀಕನೇ ಹೇಳಬೇಕು.

ರಿಪೇರಿಯಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಒಳಗಿನ ಗಾಳಿ ಪೂರ್ತಿ ಹೊರಬರುವಂತೆ ತುಂಬಿಸಿ, ಅದೇ ಕೈಪಂಪನ್ನು ಮತ್ತೆ ಕೂರಿಸಿ ಮುಳ್ಳು ನಿಂತಿದೆಯೇ ನೋಡಬೇಕು. ಆಮೇಲೆ ಹಳೆಯ ಕಾತ್ರಜ್ ಘಾಟನ್ನು ಒಮ್ಮೆ ಹತ್ತಿಳಿದು ಬಂದು, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಡಬ್ಬಿಯ ಮೇಲಿನ ಗೆರೆ ನೋಡಬೇಕು. ಗ್ಯಾರೇಜಿನ ಬಿಲ್ಲು ಚುಕ್ತಾ ಮಾಡಲು ಅದೇ ಸರಿಯಾದ ಹೊತ್ತು.